ಕರಿದುಂಬಿ ಮತ್ತು ಗಾಜುರೆಕ್ಕೆಯ ಪತಂಗ

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಹೂವಿನ ಬಳಿ ಗುಂಯ್‌ಗುಡುವ ದಪ್ಪ ಕೀಟಗಳನ್ನೆಲ್ಲ ದುಂಬಿ ಎಂದೇ ಕರೆಯುವುದು ನಮ್ಮ ರೂಢಿ. ಅವುಗಳಲ್ಲಿ ಎರಡನ್ನು ಇಂದು ಹೋಲಿಸಿ ನೋಡೋಣ. ಒಂದು, ಒಣಮರ ಕೊರೆಯುವ ಕರಿದುಂಬಿ. ಇದು ಜೇನಿನ ಬಳಗಕ್ಕೆ ಸೇರಿದ್ದು. ಇನ್ನೊಂದು, ಸೆಫೊನೋಡಿಸ್ ಹೈಲಾಸ್ ಎಂಬ ಗಾಜುರೆಕ್ಕೆಯ ಪತಂಗ.

ಗುರುತಿಸುವುದು ಕಷ್ಟವಲ್ಲ. ಕರಿದುಂಬಿ ಹೂವಿನ ಮೇಲೆ ಕುಳಿತು ಉಣ್ಣುತ್ತದೆ. ಪತಂಗವು ಹಾಡುಹಗಲೇ ಹೂವಿನ ಮುಂದೆ ಗಾಳಿಯಲ್ಲಿ ನಿಂತು, ಉದ್ದನೆಯ ಸೊಂಡಿಲು ಚಾಚಿ ಮಕರಂದ ಹೀರುತ್ತದೆ. ಅದರ ಮೈ ಹಸಿರು, ನಡುವೆ ಕೆಂಪು ಪಟ್ಟಿ, ಬಾಲದಲ್ಲಿ ಕಪ್ಪು ಕುಚ್ಚು. ರೆಕ್ಕೆಯ ಹುಡಿ ಮೊದಲ ಹಾರಾಟದಲ್ಲೇ ಉದುರಿ, ರೆಕ್ಕೆ ಗಾಜಿನಂತಾಗುತ್ತದೆ. ಪತಂಗಕ್ಕೆ ಕೊಂಡಿಯಿಲ್ಲ. ಕರಿದುಂಬಿಯಲ್ಲಿ ಹೆಣ್ಣಿಗೆ ಮಾತ್ರ ಕೊಂಡಿಯುಂಟು. ಕೆಣಕದ ಹೊರತು ಅದು ಕುಟುಕುವುದು ಅಪರೂಪ.

ಇನ್ನು ಲಾಭನಷ್ಟದ ಮಾತು. ಬದನೆ ಹೂವಿನ ಪರಾಗವು ಕೇಸರದ ತುದಿಯಲ್ಲಿರುವ ಸಣ್ಣ ರಂಧ್ರದಿಂದಲೇ ಹೊರಬರಬೇಕು. ಕರಿದುಂಬಿ ಹೂವನ್ನು ಹಿಡಿದು ಮೈ ಅದುರಿಸಿದಾಗ ಪರಾಗ ಉದುರುತ್ತದೆ. ಪೆಟ್ಟಿಗೆಯ ಜೇನಿಗೆ ಈ ವಿದ್ಯೆ ಬಾರದು. ಅಪ್ಸೆಣಬಿನ ಬೀಜ ಕಟ್ಟುವುದಕ್ಕೂ ಹಳದಿ ಪ್ಯಾಶನ್ ಹಣ್ಣಿನ ಬಳ್ಳಿ ಕಾಯಿ ಕಚ್ಚುವುದಕ್ಕೂ ಇಂಥ ದೊಡ್ಡ ದುಂಬಿಗಳ ನೆರವು ಬೇಕು. ಕರಿದುಂಬಿ ಮರವನ್ನು ತಿನ್ನುವುದಿಲ್ಲ. ಗೂಡಿಗಾಗಿ ಕೊರೆದು ಹೊಟ್ಟನ್ನು ಹೊರಚೆಲ್ಲುತ್ತದೆ. ಒಳಗಿನ ಪ್ರತಿ ಕೋಣೆಯಲ್ಲೂ ಪರಾಗ-ಮಕರಂದದ ಉಂಡೆಯಿಟ್ಟು, ಅದರ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ.

ಪತಂಗದಿಂದಲೂ ಹೂವಿಗೆ ಹಾನಿಯಿಲ್ಲ. ಆದರೆ ಅದರ ಮರಿ, ಅಂದರೆ ಬಾಲದಲ್ಲಿ ಕೊಂಬಿರುವ ಹಸಿರು ಹುಳು, ಕಾಫಿ ಮತ್ತು ಗಾರ್ಡೇನಿಯಾ ಗಿಡಗಳ ಎಲೆ ತಿನ್ನುತ್ತದೆ. ಆದ್ದರಿಂದ ಹಾರುವ ಪತಂಗಕ್ಕೆ ಔಷಧಿ ಹೊಡೆಯುವುದು ವ್ಯರ್ಥ. ಎಳೆಯ ಗಿಡಗಳ ಎಲೆಗಳನ್ನು ಪರೀಕ್ಷಿಸಿ, ನಾಲ್ಕಾರು ಹುಳುಗಳಿದ್ದರೆ ಕೈಯಿಂದಲೇ ಆರಿಸಿ ತೆಗೆದರೆ ಸಾಕು.

ಕೊನೆಯದಾಗಿ ಮೂರು ಸಲಹೆಗಳು:

1. ಹೂಬಿಟ್ಟ ಬೆಳೆಗೆ ಹಗಲಿನಲ್ಲಿ ಕೀಟನಾಶಕ ಸಿಂಪಡಿಸಬೇಡಿ. ಅನಿವಾರ್ಯವಾದರೆ ದುಂಬಿಗಳು ಗೂಡು ಸೇರಿದ ಮೇಲೆ, ಸಂಜೆ ಸಿಂಪಡಿಸಿ.
2. ಮನೆಯ ತೊಲೆ, ಜಂತೆಗಳಿಗೆ ಬಣ್ಣ ಬಳಿದರೆ ಕರಿದುಂಬಿ ಅವುಗಳ ತಂಟೆಗೆ ಬರುವುದು ಕಡಿಮೆ.
3. ಬೇಲಿಯ ಬದಿಯಲ್ಲಿ ಒಣ ಬಿದಿರಿನ ಗಳಗಳನ್ನು ಉಳಿಸಿ. ಕರಿದುಂಬಿ ಅವುಗಳಲ್ಲಿ ಗೂಡು ಮಾಡುತ್ತದೆ.

ಔಷಧಿಯ ಡಬ್ಬ ತೆರೆಯುವ ಮೊದಲು ಕಣ್ಣು ತೆರೆದು ನೋಡಿ. ಹಣವೂ ಉಳಿದೀತು, ಫಸಲೂ ಉಳಿದೀತು.