ಹೆಬ್ಬೆರಳಿಗೆ ಸಿಗುವ ಗಾಂಧಿತಾತ

ಮಕ್ಕಳೇ, ಮನೆಯಲ್ಲಿ ಕೇಳಿ ಒಂದು ಹೊಸ ಐನೂರರ ನೋಟು ಇಸಿದುಕೊಳ್ಳಿ. ಕಣ್ಣು ಮುಚ್ಚಿ ಗಾಂಧಿತಾತನ ಚಿತ್ರದ ಮೇಲೆ ಹೆಬ್ಬೆರಳು ಮೆಲ್ಲಗೆ ಆಡಿಸಿ. ತರಿತರಿಯಾಗಿ ತಾಗುತ್ತದಲ್ಲವೇ? ಅದು ಕಾಗದದ ಮೇಲೆ ಉಬ್ಬಿ ನಿಂತ ಶಾಯಿ.

ನಮ್ಮ ದೇಶದಲ್ಲಿ ನೋಟು ಅಚ್ಚಾಗುವುದು ನಾಲ್ಕೇ ಊರುಗಳಲ್ಲಿ: ನಾಸಿಕ್, ದೇವಾಸ್, ಸಾಲ್ಬೋನಿ, ಮತ್ತೆ ನಮ್ಮ ಮೈಸೂರು. ಮೈಸೂರಿನ ಮುದ್ರಣಾಲಯ ಕೆಲಸ ಶುರುಮಾಡಿದ್ದು 1996ರಲ್ಲಿ. ನೋಟಿನ ಕಾಗದ ಮಾಡುವ ಕಾರ್ಖಾನೆಯೂ ಇಲ್ಲೇ ಇದೆ. ಅದು ಹತ್ತಿಯ ನಾರಿನಿಂದ ಮಾಡಿದ ಗಟ್ಟಿ ಕಾಗದ. ಏಕೆ ಗಟ್ಟಿ ಬೇಕು ಅನ್ನುವುದು ಈಗ ತಿಳಿಯುತ್ತದೆ.

ಅಂಚೆ ಕಚೇರಿಯ ಮೊಹರು ನೋಡಿದ್ದೀರಿ. ಅದರಲ್ಲಿ ಉಬ್ಬಿದ ಭಾಗಕ್ಕೆ ಶಾಯಿ ಅಂಟುತ್ತದೆ, ಅದೇ ಅಚ್ಚಾಗುತ್ತದೆ. ನೋಟಿನ ಚಿತ್ರದಲ್ಲಿ ಪೂರಾ ಉಲ್ಟಾ. ಲೋಹದ ಫಲಕದಲ್ಲಿ ಗೆರೆಗಳನ್ನು ತಗ್ಗಾಗಿ ಕೊರೆದಿರುತ್ತಾರೆ. ಮೇಲೆಲ್ಲ ಶಾಯಿ ಬಳಿದು ಒರೆಸಿಬಿಟ್ಟರೆ ತಗ್ಗಿನೊಳಗಿನದು ಮಾತ್ರ ಉಳಿಯುತ್ತದೆ. ಆಮೇಲೆ ಕಾಗದ ಇಟ್ಟು ಭಾರೀ ಒತ್ತಡ ಹಾಕಿದಾಗ ಕಾಗದವೇ ಆ ಸಣ್ಣ ಕಾಲುವೆಗಳೊಳಗೆ ಇಳಿದು ಶಾಯಿಯನ್ನು ಎತ್ತಿಕೊಂಡು ಬರುತ್ತದೆ. ಇದೇ ಇಂಟಾಗ್ಲಿಯೋ ಮುದ್ರಣ.

ನೋಟಿನ ಗಾಂಧಿಮುಖಕ್ಕೆ ಮೂಲ 1946ರ ಒಂದು ಫೋಟೊ. ಫೋಟೊದಲ್ಲಿ ಕೆನ್ನೆಯ ನೆರಳು ನಯವಾಗಿ ಕರಗಿಹೋಗುತ್ತದೆ. ನೋಟಿನಲ್ಲಿ ಭೂತಗನ್ನಡಿ ಹಿಡಿದು ನೋಡಿ, ಬರೀ ಗೆರೆ, ಚುಕ್ಕೆ! ಗೆರೆ ದಪ್ಪಗೆ ಒತ್ತೊತ್ತಾಗಿದ್ದರೆ ನೆರಳು, ತೆಳ್ಳಗೆ ದೂರದೂರವಿದ್ದರೆ ಬೆಳಕು. ಮುಖವನ್ನು ಪೂರ್ತಿ ಮಾಡುವುದು ನಮ್ಮ ಕಣ್ಣು. ನನಗೆ ಇದರಷ್ಟು ಸೋಜಿಗದ್ದು ಬೇರೆ ಕಾಣದು.

ಇಂಥ ಗೆರೆಯನ್ನು ಉಳಿಯಿಂದ ಕೊರೆಯಬಹುದು, ಆಮ್ಲದಿಂದಲೂ ಕೊರೆಸಬಹುದು. ತಾಮ್ರದ ತಗಡಿಗೆ ಮೇಣ ಹಚ್ಚಿ, ಸೂಜಿಯಿಂದ ಚಿತ್ರ ಗೀಚಿ, ಆಮ್ಲದಲ್ಲಿ ಅದ್ದುತ್ತಾರೆ. ಮೇಣವಿದ್ದಲ್ಲಿ ಆಮ್ಲ ತಾಗದು, ಗೀಚಿದಲ್ಲಿ ತಾಮ್ರ ಕರಗುತ್ತದೆ. ಹೆಚ್ಚು ಹೊತ್ತು ಬಿಟ್ಟಷ್ಟೂ ತಗ್ಗು ಆಳ, ಗೆರೆ ಕಪ್ಪು. ಡಚ್ ಕಲಾವಿದ ರೆಂಬ್ರಾಂಟ್ ತನ್ನ ಮುಖವನ್ನೇ ಹೀಗೆ ಎಷ್ಟೋ ಸಲ ಮಾಡಿಕೊಂಡ. 1840ರಲ್ಲಿ ಬ್ರಿಟನ್ನಿನಲ್ಲಿ ಬಂದ ಜಗತ್ತಿನ ಮೊದಲ ಅಂಚೆಚೀಟಿಯ ವಿಕ್ಟೋರಿಯಾ ರಾಣಿಯೂ ಕೊರೆದ ಫಲಕದಿಂದ ಬಂದವಳೇ.

ಟಿಪ್ಪುವಿನ ಕಾಲದ ಇಂಥ ಅಚ್ಚುಚಿತ್ರಗಳನ್ನು ನೋಡಲು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಗೆ ಹೋಗಿ. ಹಳೆಯ ಚಿತ್ರಗಳನ್ನು ಕೂಡಿಡುವವರು ಮೊದಲು ಹುಡುಕುವುದು ಚಿತ್ರದ ಸುತ್ತ ಫಲಕದ ಅಂಚು ಒತ್ತಿ ಉಳಿಸಿದ ಚೌಕದ ಗುರುತನ್ನು. ಆದರೆ ಹಳೆಯದನ್ನು ಬೆರಳಿಂದ ಮುಟ್ಟಬೇಡಿ, ಬಿಸಿಲಿಗೂ ಇಡಬೇಡಿ.

ನೀವೂ ಒಂದು ಮಾಡಿ. ಹಣ್ಣಿನ ರಸದ ಖಾಲಿ ರಟ್ಟಿನ ಡಬ್ಬಿ ಬಿಡಿಸಿ, ಒಳಗಿನ ಹೊಳೆಯುವ ಬದಿಯಲ್ಲಿ ಅಜ್ಜಿಯ ಮುಖವನ್ನು ದಬ್ಬಳದಿಂದ ಗೀಚಿ. ದೊಡ್ಡವರು ಜೊತೆಗಿರಲಿ. ಗಟ್ಟಿ ಬಣ್ಣ ತಿಕ್ಕಿ, ಒರೆಸಿ, ಒದ್ದೆ ಕಾಗದ ಇಟ್ಟು ಚಮಚದ ಬೆನ್ನಿನಿಂದ ಬಲವಾಗಿ ಉಜ್ಜಿ. ಎಡ ಬಲವಾಗಿ ಬರುತ್ತದೆ, ಆದ್ದರಿಂದ ಅಜ್ಜಿಯ ಹೆಸರು ಬರೆಯುವುದಿದ್ದರೆ ಕನ್ನಡಿಯಲ್ಲಿ ನೋಡಿಕೊಂಡು ತಿರುಗುಮುರುಗಾಗಿ ಬರೆಯಿರಿ.