ಮೀನಿಗಿಂತ ಮೊದಲು ನೀರು

ಮನೆಯ ಅಂಗಳದಲ್ಲಿ ಪುಟ್ಟದೊಂದು ಕೊಳ ಮಾಡಿ ಮೀನು ಸಾಕಿಕೊಂಡವರಿಗೆ ಬೆಳಗಿನ ಹೊತ್ತಿನ ಒಂದು ನೋಟ ಪರಿಚಿತವಾಗಿರುತ್ತದೆ. ಮೀನುಗಳೆಲ್ಲ ಮೇಲಕ್ಕೆ ಬಂದು, ನೀರು ಧುಮುಕುವ ಮೂಲೆಯಲ್ಲಿ ಗುಂಪುಗೂಡಿ, ಬಾಯಿ ತೆರೆದು ಮುಚ್ಚಿ ಮಾಡುತ್ತಿರುತ್ತವೆ. ನೋಡಿದವರಿಗೆ ಕರುಳು ಚುರ್ ಎನ್ನುತ್ತದೆ. ಪಾಪ, ಹಸಿದಿವೆ ಎಂದುಕೊಂಡು ಒಂದು ಹಿಡಿ ಆಹಾರ ಎರಚುತ್ತಾರೆ. ಆದರೆ ಎಷ್ಟೋ ಸಲ ಅವು ಬಾಯಿ ತೆರೆದಿರುವುದು ಉಸಿರಿಗಾಗಿ.

ಹಗಲಲ್ಲಿ ಪಾಚಿ ಮತ್ತು ನೀರಿನ ಗಿಡಗಳು ಬಿಸಿಲನ್ನು ಬಳಸಿ ನೀರಿಗೆ ಆಮ್ಲಜನಕ ಬಿಡುತ್ತವೆ. ಕತ್ತಲಾದ ಮೇಲೆ ಆ ಕೆಲಸ ನಿಲ್ಲುತ್ತದೆ. ರಾತ್ರಿಯಿಡೀ ಮೀನೂ ಗಿಡವೂ ಇದ್ದುದನ್ನೇ ಹಂಚಿಕೊಂಡು ಉಸಿರಾಡಬೇಕು. ಹೀಗಾಗಿ ಕೊಳದಲ್ಲಿ ಆಮ್ಲಜನಕ ತೀರಾ ಇಳಿದಿರುವುದು ಸೂರ್ಯ ಹುಟ್ಟುವ ವೇಳೆಗೆ. ಬೇಸಿಗೆಯಲ್ಲಿ ಇದು ಇನ್ನೂ ಕಷ್ಟ, ಏಕೆಂದರೆ ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಅಂಥ ಹೊತ್ತಿನಲ್ಲಿ ಎರಚಿದ ಆಹಾರ ತಿನ್ನದೆ ಉಳಿದು ಕೊಳೆಯುತ್ತದೆ. ಕೊಳೆಯುವುದಕ್ಕೂ ಆಮ್ಲಜನಕವೇ ಬೇಕು. ಪ್ರೀತಿಯಿಂದ ಕೊಟ್ಟದ್ದೇ ಆ ಜೀವದ ಉಸಿರು ಕಟ್ಟಿಸುತ್ತದೆ. ಏನು ಬೇಕಾಗಿದೆ ಎಂದು ತಿಳಿಯುವ ಮೊದಲೇ ಕೊಡಲು ಆತುರಪಡುವ ನಮ್ಮ ಸ್ವಭಾವದ ಬಗ್ಗೆ ಇವತ್ತು ಒಂದಿಷ್ಟು ಯೋಚಿಸೋಣ.

ಈಚೆಗೆ ನಮ್ಮ ನಗರಗಳ ಮನೆಗಳಲ್ಲಿ, ಹೋಟೆಲುಗಳಲ್ಲಿ ಕೆಂಪು, ಬಿಳಿ, ಕಪ್ಪು, ಚಿನ್ನದ ಬಣ್ಣದ ಕೊಯಿ ಮೀನುಗಳು ಕಾಣುತ್ತಿವೆ. ಇವು ಜಪಾನಿನ ನೀಗಾತ ಪ್ರಾಂತ್ಯದ ಬೆಟ್ಟದ ಹಳ್ಳಿಗಳಿಂದ ಬಂದವು. ಚಳಿಗಾಲದಲ್ಲಿ ಆಳೆತ್ತರ ಮೀರಿ ಹಿಮ ಬೀಳುವ ಆ ಹಳ್ಳಿಗಳ ರೈತರು ಮೆಟ್ಟಿಲು ಗದ್ದೆಗಳ ನೀರಿನಲ್ಲಿ ಊಟಕ್ಕೆಂದು ಗೆಂಡೆ ಮೀನು ಸಾಕುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆ ಕಪ್ಪು ಮೀನುಗಳ ನಡುವೆ ಅಪರೂಪಕ್ಕೆ ಬಣ್ಣದ ಮರಿಗಳು ಹುಟ್ಟಿದವು. ರೈತರು ಅವನ್ನು ತಿನ್ನದೆ ಉಳಿಸಿ, ತಲೆಮಾರುಗಳ ಕಾಲ ಆಯ್ದು ಆಯ್ದು ಬೆಳೆಸಿದರು. 1914ರಲ್ಲಿ ಟೋಕಿಯೋದ ವಸ್ತುಪ್ರದರ್ಶನದಲ್ಲಿ ಇಟ್ಟಾಗ ದೇಶವೆಲ್ಲ ಅವುಗಳತ್ತ ತಿರುಗಿ ನೋಡಿತು. ಬಿಳಿ ಮೈಮೇಲೆ ಕೆಂಪು ಮಚ್ಚೆಯ ಕೊಹಾಕು ಇವತ್ತಿಗೂ ಬಲು ಮೆಚ್ಚಿನ ತಳಿ.

ಬಣ್ಣ ಎಲ್ಲರಿಗೂ ಕಾಣುತ್ತದೆ. ಅದನ್ನು ಕಾಪಾಡುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಮೀನು ತಾನು ತಿಂದು ಜೀರ್ಣಿಸಿಕೊಂಡದ್ದರ ವಿಷವನ್ನು ಅಮೋನಿಯಾ ರೂಪದಲ್ಲಿ, ಬಹುಪಾಲು ಕಿವಿರುಗಳ ಮೂಲಕವೇ, ತಾನಿರುವ ನೀರಿಗೆ ಬಿಡುತ್ತದೆ. ಹೊಳೆಯಲ್ಲಾದರೆ ಅದು ಹರಿದು ಹೋಗುತ್ತದೆ. ಕೊಳದಲ್ಲಿ ಹೋಗಲು ದಾರಿಯಿಲ್ಲ. ಕಲ್ಲುಗಳ ಮೇಲೆ, ಗೋಡೆಗಳ ಮೇಲೆ, ಫಿಲ್ಟರಿನೊಳಗೆ ಲೋಳೆಯಂತೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯ ಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಅದನ್ನು ಗಿಡಗಳು ಗೊಬ್ಬರವಾಗಿ ಹೀರಿಕೊಳ್ಳುತ್ತವೆ. ಈ ಜೀವಿಗಳ ಸಂಸಾರ ಹೊಸ ಕೊಳದಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರಲ್ಲಿ ನೀರು ಸ್ಫಟಿಕದ ಹಾಗೆ ತಿಳಿಯಾಗಿದ್ದರೂ ಅದರಲ್ಲಿ ವಿಷ ತುಂಬಿರಬಹುದು. ಗೃಹಪ್ರವೇಶದ ದಿನವೇ ಕೊಳ ತುಂಬಿಸಿ, ಅವತ್ತೇ ಹತ್ತಿಪ್ಪತ್ತು ಮೀನು ತಂದು ಬಿಟ್ಟರೆ ಅವು ಸಾಯುವುದು ಇದರಿಂದಲೇ. ಅನುಭವವಿದ್ದವರು ಮೊದಲು ಒಂದೆರಡೇ ಮೀನು ಬಿಡುತ್ತಾರೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ರೋಗವಿಲ್ಲದ ಹಳೆಯ ಕೊಳದ ಫಿಲ್ಟರಿನಿಂದ ಒಂದು ತುಂಡು ಸ್ಪಂಜು ತಂದು ಹೊಸದರಲ್ಲಿ ಇಡುತ್ತಾರೆ. ಆಮೇಲೆ ಕಾಯುತ್ತಾರೆ.

ಆಹಾರ ಹಾಕುವುದು ಸಂತೋಷದ ಕೆಲಸ. ಮೀನು ಕೈಯ ಬಳಿ ಬರುತ್ತದೆ, ಮಕ್ಕಳು ನಗುತ್ತಾರೆ, ಬಂದ ನೆಂಟರು ಫೋಟೊ ತೆಗೆಯುತ್ತಾರೆ. ತಳದ ಕೆಸರು ತೆಗೆಯುವಾಗ ನೋಡುವವರಿಲ್ಲ. ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರು ತೆಗೆದು ಹೊಸ ನೀರು ತುಂಬಿಸುವುದು, ನಲ್ಲಿಯ ನೀರಿನ ಕ್ಲೋರಿನ್ ಮೀನಿನ ಕಿವಿರು ಸುಡದಂತೆ ಅದನ್ನು ಮೊದಲೇ ಹದ ಮಾಡುವುದು, ಇವಕ್ಕೆಲ್ಲ ಚಪ್ಪಾಳೆಯಿಲ್ಲ. ಆದರೂ ಮೀನು ಬದುಕುವುದು ಇವುಗಳಿಂದ. ಶುಚಿಯ ಹುಮ್ಮಸ್ಸಿನಲ್ಲಿ ಎಲ್ಲ ನೀರನ್ನೂ ಒಮ್ಮೆಗೇ ಹೊರಚೆಲ್ಲಿ, ಫಿಲ್ಟರನ್ನು ನಲ್ಲಿಯ ಕೆಳಗೆ ಉಜ್ಜಿ ತೊಳೆದರೆ, ಕೊಳವನ್ನು ಹಿಡಿದು ನಿಲ್ಲಿಸಿದ್ದ ಜೀವಿಗಳೇ ತೊಳೆದುಹೋಗುತ್ತವೆ. ಸೇವೆಗೂ ಒಂದು ಮಿತಿ, ಒಂದು ವಿವೇಕ ಬೇಕು.

ಕೊಡದಿರುವುದರಲ್ಲಿಯೂ ಅಕ್ಕರೆಯಿರುತ್ತದೆ. ಕೊಯಿಗೆ ನಮ್ಮ ಹಾಗೆ ಜಠರವಿಲ್ಲ. ಒಮ್ಮೆಗೆ ಹೆಚ್ಚು ತಿಂದು ಕೂಡಿಟ್ಟುಕೊಳ್ಳಲು ಅದಕ್ಕೆ ಆಗದು. ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ಶೀತದೇಶಗಳಲ್ಲಿ ಕೊಳದ ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದಾಗ ಆಹಾರವನ್ನೇ ನಿಲ್ಲಿಸುತ್ತಾರೆ, ಏಕೆಂದರೆ ಆ ಚಳಿಯಲ್ಲಿ ತಿಂದದ್ದು ಅರಗುವುದಿಲ್ಲ. ವಾರಗಟ್ಟಲೆ ಉಪವಾಸ ಇಡುವುದಕ್ಕೆ ಗಟ್ಟಿ ಮನಸ್ಸು ಬೇಕು. ಮಕ್ಕಳು ಕೇಳಿದ್ದನ್ನೆಲ್ಲ ಕೊಡಿಸಿ, ಅವರೊಂದಿಗೆ ಕೂರಲು ಮಾತ್ರ ಪುರಸೊತ್ತಿಲ್ಲದ ತಂದೆತಾಯಂದಿರು, ಊರಿನಲ್ಲಿರುವ ಅಪ್ಪ ಅಮ್ಮನಿಗೆ ತಪ್ಪದೆ ಹಣ ಕಳಿಸಿ, ಹತ್ತು ನಿಮಿಷ ಮಾತಾಡಲು ಮರೆಯುವ ಮಕ್ಕಳು ಈ ಮಾತನ್ನು ಮನಸ್ಸಿಗೆ ತೆಗೆದುಕೊಳ್ಳಬೇಕು. ಅವರು ನಮ್ಮಿಂದ ಬಯಸಿದ್ದು ಏನು ಎಂದು ನಾವು ನಿಂತು ನೋಡಿದ್ದೇವೆಯೆ?

ನಿಂತು ನೋಡುವವರ ಅಕ್ಕರೆ ಎಷ್ಟು ಆಳದ್ದು ಎನ್ನುವುದಕ್ಕೆ ಯಾಮಕೋಶಿಯ ಸಂಗತಿ ಹೇಳಬೇಕು. ಅದು ಕೊಯಿಯ ತವರೆಂದೇ ಹೆಸರಾದ ನೀಗಾತದ ಹಳ್ಳಿ. 2004ರ ಅಕ್ಟೋಬರ್ 23ರ ಸಂಜೆ ಅಲ್ಲಿ ಭೂಕಂಪವಾಯಿತು. ಬೆಟ್ಟ ಜರಿದು ರಸ್ತೆಗಳು ಮುಚ್ಚಿದವು. ಹಳ್ಳಿಯ ಸುಮಾರು ಎರಡು ಸಾವಿರ ಜನರನ್ನೂ ಹೊರಗೆ ಸಾಗಿಸಬೇಕಾಯಿತು. ಕೊಳಗಳು ಬಿರುಕು ಬಿಟ್ಟು ನೀರು ಸೋರಿಹೋಯಿತು, ವಿದ್ಯುತ್ ನಿಂತು ಗಾಳಿಯ ಪಂಪುಗಳು ಸ್ತಬ್ಧವಾದವು, ಲೆಕ್ಕವಿಲ್ಲದಷ್ಟು ಮೀನು ಸತ್ತವು. ಮನೆ ಕಳೆದುಕೊಂಡ ಆ ಜನ ಉಳಿದ ಮೀನುಗಳನ್ನು ಮರೆಯಲಿಲ್ಲ. ಹೆಲಿಕಾಪ್ಟರಿನಲ್ಲಿ ಅವನ್ನು ಹೊರತಂದರು. ವರ್ಷಗಳ ನಂತರ ಊರಿಗೆ ಮರಳಿದವರು ಗದ್ದೆಗಳನ್ನೂ ಕೊಳಗಳನ್ನೂ ಮತ್ತೆ ಕಟ್ಟಿದರು. ಅಂದವಿದ್ದಾಗ ಮಾತ್ರ ನೋಡಿ ಹಿಗ್ಗುವವರಿಂದ ಇದು ಆಗುವ ಕೆಲಸವಲ್ಲ.

ಇನ್ನೊಂದು ಮಾತು. ಅಂಗೈಯಷ್ಟು ಮರಿಯಾಗಿ ಬಂದ ಕೊಯಿ ಎರಡು ಅಡಿಗೂ ಮಿಕ್ಕಿ ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತೈದು ಮೂವತ್ತು ವರ್ಷ ಬಾಳುತ್ತದೆ. ಕೊಳ ಸಾಲದಾದಾಗ, ಬೇಸರವಾದಾಗ, ಕೆಲವರು ಪುಣ್ಯ ಬರಲಿ ಎಂದು ಅದನ್ನು ಊರ ಕೆರೆಗೆ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗೆಂಡೆ ಜಾತಿಯ ಈ ಮೀನು ತಳದ ಕೆಸರನ್ನು ಕೆದಕಿ, ಜಲಸಸ್ಯಗಳ ಬೇರು ಕಿತ್ತು, ನೀರನ್ನು ಬಗ್ಗಡ ಮಾಡಿ, ಅಲ್ಲಿಯ ಮೀನುಗಳಿಗೆ ನೆಲೆಯಿಲ್ಲದಂತೆ ಮಾಡಬಲ್ಲದು. ಜೊತೆಗೆ ರೋಗವನ್ನೂ ಒಯ್ಯಬಹುದು. ಸಾಕಲಾಗದಿದ್ದರೆ ಸಾಕಬಲ್ಲವರಿಗೆ ಕೊಡಿ.

ಕೆರೆಯ ಮಾತು ಬಂದದ್ದರಿಂದ ಹೇಳುತ್ತೇನೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಂದವು. ಕೊಳಚೆ ನೀರು ಸೇರಿ ಆಮ್ಲಜನಕ ಕುಸಿದಿತ್ತು. ಅಂಗಳದ ಕೊಳದಲ್ಲಿ ಒಂದು ಹಿಡಿ ಆಹಾರ ಮಾಡುವ ಕೆಡುಕನ್ನು ಅಲ್ಲಿ ಒಂದು ನಗರದ ಕೊಳಚೆ ಮಾಡಿತು. ಮನೆಯ ನೀರನ್ನು ಇಷ್ಟು ಜತನದಿಂದ ಕಾಯಲು ಕಲಿತವರು ಊರಿನ ನೀರನ್ನೂ ಹಾಗೆಯೇ ಕಾಯಬಲ್ಲರು. ನಿಮ್ಮ ಬಡಾವಣೆಯ ಕೆರೆಗೆ ಎಲ್ಲಿಂದ ಏನು ಹರಿದು ಬರುತ್ತಿದೆ ಎಂದು ಈ ವಾರ ಒಮ್ಮೆ ಹೋಗಿ ನೋಡಿ. ಕೊಳಚೆ ಸೇರುತ್ತಿದ್ದರೆ ನೆರೆಹೊರೆಯವರನ್ನು ಕರೆದುಕೊಂಡು ಸಂಬಂಧಪಟ್ಟವರನ್ನು ಕೇಳಿ. ನೀರು ಚೆನ್ನಾಗಿದ್ದರೆ ಮೀನು ತಾನಾಗಿ ಚೆನ್ನಾಗಿರುತ್ತದೆ.