ಮುಪ್ಪಾದ ಲಾರಿಯ ಎಂಜಿನ್

ಕೃಷ್ಣಾ-ಘಟಪ್ರಭೆಗಳ ಆಶ್ರಯದ ಜಮಖಂಡಿ, ಮುಧೋಳಗಳಲ್ಲಿ ಕಬ್ಬು ನುರಿಸುವ ಕಾಲವು ಸಮೀಪಿಸುತ್ತಿರುವಾಗ, ಬೀಳಗಿಯ ಹೊಲಗಳಿಂದ ಕಾರ್ಖಾನೆಗೆ ಕಬ್ಬನ್ನೂ ರಬಕವಿ-ಬನಹಟ್ಟಿಯ ಮಗ್ಗಗಳಿಗೆ ನೂಲನ್ನೂ ಹೊತ್ತು ಮುಪ್ಪಾದ ಲಾರಿಯ ಎಂಜಿನ್ ಹಠಾತ್ತನೆ ಸ್ತಬ್ಧವಾದರೆ, ಅದನ್ನು ಬಿಚ್ಚಿ ಪುನರ್ನಿರ್ಮಿಸುವುದೋ ಬೇರೊಂದನ್ನು ಕೂರಿಸುವುದೋ ಎಂಬ ಪ್ರಶ್ನೆಯ ಉತ್ತರವನ್ನೇ ಒಂದು ಕುಟುಂಬದ ವರ್ಷದ ಅನ್ನವು ಅವಲಂಬಿಸಿರುತ್ತದೆ.

ಮೊದಲು ಹಾನಿಯ ಸ್ವರೂಪವನ್ನು ಅರಿಯತಕ್ಕದ್ದು. ಪಿಸ್ಟನ್, ಉಂಗುರ, ಬೇರಿಂಗುಗಳು ಸವೆಯುವುದು ಸಹಜ. ಅನೇಕ ಡೀಸೆಲ್ ಎಂಜಿನ್ನುಗಳಲ್ಲಿ ಲೈನರನ್ನು ಕಳಚಿ ಹೊಸದನ್ನು ತೊಡಿಸಬಹುದು, ಕ್ರ್ಯಾಂಕ್ ದಂಡವನ್ನು ನಿಯತ ಮಿತಿಯೊಳಗೆ ಸಾಣೆ ಹಿಡಿದು ದಪ್ಪನೆಯ ಬೇರಿಂಗನ್ನು ಕೊಡಬಹುದು. ಬ್ಲಾಕೇ ಸೀಳಿದ್ದರೆ ಮಾತ್ರ ದುರಸ್ತಿಗೆ ಸುರಿದ ಹಣವು ಬಹುಮಟ್ಟಿಗೆ ವ್ಯರ್ಥ. ಅಗ್ಗವೆಂದು ತಂದ ಹಳೆಯ ಎಂಜಿನ್ನಿನ ಪೂರ್ವಚರಿತ್ರೆಯನ್ನು ಬಲ್ಲವರಾರು? ಅದರ ಸಂಖ್ಯೆಯೂ ಸಾರಿಗೆ ಕಚೇರಿಯ ಅನುಮತಿಯಿಂದ ನೋಂದಣಿ ಪತ್ರದಲ್ಲಿ ದಾಖಲಾಗಬೇಕು. ಇನ್ನು, ಸೋರುವ ರೇಡಿಯೇಟರನ್ನೂ ಎರೆಮಣ್ಣಿನ ಧೂಳು ಕಟ್ಟಿದ ಗಾಳಿಶೋಧಕವನ್ನೂ ಹಾಗೆಯೇ ಬಿಟ್ಟರೆ ಹೊಸ ಎಂಜಿನ್ನೂ ಬಾಳದು.

ಬ್ಲಾಕು ದೃಢವಾಗಿದ್ದು ಚಾಸಿಯು ಜೀರ್ಣವಾಗದಿದ್ದಲ್ಲಿ ಪುನರ್ನಿರ್ಮಾಣವೇ ಲೇಸೆಂಬುದು ನನ್ನ ದೃಢಮತ. ಆದುದರಿಂದ ಮಾಲೀಕ ಬಂಧುಗಳೇ, ಮುಂಗಡ ಕೊಡುವ ಮುನ್ನ ಎಂಜಿನ್ನನ್ನು ಬಿಚ್ಚಿಸಿ, ಪ್ರತಿಯೊಂದು ಅಳತೆಯನ್ನೂ ಕಾಗದದ ಮೇಲೆ ಬರೆಯಿಸಿಕೊಳ್ಳಿರಿ.